ಐದಕ್ಷರದ ಸುಳ್ಳು

“ಈ ಪದವನ್ನ ಹೆತ್ತ ಮಹಾತಾಯಿ ಯಾರು ಅಂತ ಸ್ವಲ್ಪ ಹೇಳ್ತೀರಾ?”

ಪುಸ್ತಕ ದಪ್ಪೆಂದು ಮೇಜಿನ ಮೇಲೆ ಬಿತ್ತು. ಟೀ ಲೋಟ ಮಗುಚಿತು. ಅರ್ಧ ಟೀ ಪ್ರೂಫ್ ಹಾಳೆಯ ಮೇಲೆ, ಉಳಿದರ್ಧ ಅವಳ ಮಡಿಲಲ್ಲಿ!

ಅವಳು ಚಂಗನೆ ಎದ್ದು ನಿಂತಳು. ಎದುರಿಗೆ ಒಬ್ಬ ಎತ್ತರದ ಯುವಕ. ಮೆಟ್ಟಿಲು ಹತ್ತಿ ಬಂದ ಏದುಸಿರು, ಮೂಗಿನ ತುದಿಗೆ ಜಾರಿದ ಕನ್ನಡಕ, ಅದರ ಹಿಂದೆ ಕೆಂಡದಂಥ ಕಣ್ಣು.

‘ಅಯ್ಯೋ... ಸಿಟ್ಟಿನಲ್ಲೂ ಎಷ್ಟು ಚೆನ್ನಾಗಿದೆ ಈ ಕಣ್ಣು!’ ಎಂದಿತು ಮನಸ್ಸು.

‘ಮಡಿಲಲ್ಲಿ ಬಿಸಿ ಟೀ ಬಿದ್ದಿದೆ, ಮೊದಲು ಅದನ್ನ ನೋಡ್ಕೋ!’ ಎಂದಿತು ಬುದ್ಧಿ.

ಬುದ್ಧಿಯ ಮಾತು ಅವಳಿಗೆ ಕೇಳಿಸಿದ್ದು ಸ್ವಲ್ಪ ತಡವಾಗಿ. ಮುಂದೆಯೂ ಅವಳದು ಇದೇ ಕಥೆ ಎಂದು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ದೂರಬೇಡಿ.

“ಯಾವ ಪದ ಸಾರ್?” ಎಂದಳು ಸೆರಗಿನಿಂದ ಟೀ ಒರೆಸಿಕೊಳ್ಳುತ್ತಾ.

“ನೂರ ಹನ್ನೆರಡನೇ ಪುಟ. ವಿ ಮತ್ತು ಝಡ್ ಎರಡೂ ಇರುವ ಐದಕ್ಷರದ ಇಂಗ್ಲಿಷ್ ಪದಗಳು, ಅರ್ಥ ಸಹಿತ. ಓದ್ತೀನಿ ಕೇಳಿ. ವಿಝಿರ್, ಸುಲ್ತಾನನ ಮಂತ್ರಿ. ಸರಿ. ವೈಝರ್, ಶಿರಸ್ತ್ರಾಣದ ಮುಖಕವಚ. ಅದೂ ಸರಿ. ಆಮೇಲೆ ಇದು... ವೋಝೆಲ್!”

ಟೀ ಒರೆಸುತ್ತಿದ್ದ ಅವಳ ಕೈ ನಿಂತಿತು.

“ವೋಝೆಲ್. ನಾಮಪದ. ಬರುತ್ತೇನೆಂದು ಹೇಳಿ ಬಾರದವರ ದಾರಿ ನೋಡಿ ನೋಡಿ ಬರುವ ಕತ್ತುನೋವು.” ಅವನು ಪುಸ್ತಕ ಮುಚ್ಚಿದ. “ಇಂಗ್ಲಿಷಿನೋರು ಯಾರಿಗೋಸ್ಕರ ಹೀಗೆ ಕತ್ತು ಉದ್ದ ಮಾಡ್ಕೊಂಡು ಕೂತಿದ್ರು ಮೇಡಂ? ಒಂಬತ್ತು ಡಿಕ್ಷನರಿ ನೋಡಿದೀನಿ. ಒಂದ್ರಲ್ಲೂ ಇಲ್ಲ!”

ಇರುವುದಾದರೂ ಹೇಗೆ? ಆ ಪದವನ್ನು ಹೆತ್ತ ಮಹಾತಾಯಿ ಅವಳೇ.

ವಿಷಯ ಇಷ್ಟು. ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲಿನ ಆ ಎರಡು ಕೋಣೆಗಳು ಅವಳ ಸೋದರಮಾವನ ಪ್ರಕಾಶನ ಸಂಸ್ಥೆ. ಅಲ್ಲಿ ಕಥೆ ಕವನ ಅಚ್ಚಾಗುತ್ತಿರಲಿಲ್ಲ. ಮೂರಕ್ಷರದ ಪದಗಳು, ನಾಲ್ಕಕ್ಷರದ ಪದಗಳು, ಕ್ಯೂ ಇದ್ದೂ ಯು ಇಲ್ಲದ ಪದಗಳು... ಹೀಗೆ ಪದಬಂಧ ಬಿಡಿಸುವವರು, ಅಕ್ಷರದ ಬಿಲ್ಲೆ ಜೋಡಿಸಿ ಆಡುವವರು ಕೊಂಡುಕೊಳ್ಳುವ ಕೈಪಿಡಿಗಳು. ಮಾವ ಪದ ಆರಿಸುತ್ತಿದ್ದರು, ಅವಳು ಅರ್ಥ ಬರೆಯುತ್ತಿದ್ದಳು.

ಮಾವನಿಗೆ ಒಂದೇ ಭಯ, ಕಳ್ಳರದು. ಪದಪಟ್ಟಿಯನ್ನು ಯಾರು ಕದ್ದರೂ ಕದ್ದದ್ದೆಂದು ತೋರಿಸುವುದು ಹೇಗೆ? ಅದಕ್ಕೇ ಪ್ರತಿ ಪುಸ್ತಕದಲ್ಲೂ ಒಂದು ಸುಳ್ಳು ಪದ ಸೇರಿಸಬೇಕು. ಅದರ ಹೆಸರು ‘ಇಲಿಬೋನು’. ಇಂಥ ಪದ ನಾವೇ ಹುಟ್ಟಿಸಿದ್ದು ಎಂದು ತಾರೀಖು ಹಾಕಿ, ಲಕೋಟೆಯಲ್ಲಿಟ್ಟು, ಅರಗು ಒತ್ತಿ, ಬೀರುವಿನಲ್ಲಿ ಬೀಗ ಹಾಕಬೇಕು. ಹದಿನೈದು ವರ್ಷದಲ್ಲಿ ಒಂದೇ ಒಂದು ಇಲಿ ಬಿದ್ದಿರಲಿಲ್ಲ. ಆದರೂ ಮಾವನ ಕಟ್ಟಪ್ಪಣೆ ಸಡಿಲವಾಗಿರಲಿಲ್ಲ.

“ಬೋನು ಎಲ್ಲಿಟ್ಟಿದೀವಿ ಅಂತ ಯಾರಿಗಾದ್ರೂ ಬಾಯಿ ಬಿಟ್ಟೆಯೋ, ಆವತ್ತೇ ನಿನ್ನ ಕುರ್ಚಿ ಕೆಳಗಿನ ಸೈಕಲ್ ಅಂಗಡಿಗೆ!”

ಈ ಐದಕ್ಷರದ ಪುಸ್ತಕದ ಬೋನು ಅವಳ ಪಾಲಿಗೆ ಬಂದಿತ್ತು. ಅದನ್ನು ಬರೆದ ದಿನ ಒಬ್ಬ ಮಹಾಶಯ ಉದ್ಯಾನದ ಬಾಗಿಲಿಗೆ ಬರುತ್ತೇನೆಂದು ಹೇಳಿ, ಅವಳನ್ನು ಮೂರು ಗಂಟೆ ನಿಲ್ಲಿಸಿ, ಬರದೇ ಹೋಗಿದ್ದ. ಆ ಕತ್ತುನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತಲೇ ಅವಳು ಆ ಅರ್ಥ ಬರೆದದ್ದು.

“ಡಿಕ್ಷನರೀಲಿ ಇಲ್ಲ ಅಂದ ಮಾತ್ರಕ್ಕೆ ಪದ ಇಲ್ಲ ಅಂತೇನಿಲ್ಲ” ಎಂದಳು ಈಗ, ಗಂಟಲು ಸರಿಮಾಡಿಕೊಂಡು. “ಹಳೇ ಕಾಲದ ನಾವಿಕರ ಮಾತಿರಬಹುದು. ನಿಮಗ್ಯಾಕೆ ಇಷ್ಟು ಸಿಟ್ಟು?”

ಅವನು ಎದುರಿನ ಕುರ್ಚಿಯಲ್ಲಿ ಕುಸಿದು ಕೂತ. ಸಿಟ್ಟು ಇಳಿದು, ಮುಖದಲ್ಲಿ ಸಂಕಟ ಕಂಡಿತು.

“ನಮ್ಮಮ್ಮ ಮೇಡಂ...”

ಅವನ ಅಮ್ಮ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ನಿವೃತ್ತಿಯಾದ ಮೇಲೆ ಅವರ ಪ್ರಾಣವೆಲ್ಲ ಗ್ರಂಥಾಲಯದ ಪದಕೂಟದಲ್ಲಿ. ಭಾನುವಾರ ಬೆಳಿಗ್ಗೆ ಇಪ್ಪತ್ತು ಜನ ಸೇರಿ ಅಕ್ಷರದ ಬಿಲ್ಲೆ ಜೋಡಿಸಿ ಆಡುತ್ತಿದ್ದರು. ಈ ವರ್ಷದ ಕೊನೆಯ ಪಂದ್ಯದಲ್ಲಿ ಅಮ್ಮ ಗೆಲುವಿನ ಪದವೆಂದು ವೋಝೆಲ್ ಇಟ್ಟರು. ಎದುರಾಳಿ ಆಕ್ಷೇಪಿಸಿದರು. ತೀರ್ಪುಗಾರರು ಡಿಕ್ಷನರಿ ತಿರುವಿ, “ಇಂಥ ಪದ ಇಲ್ಲಮ್ಮ, ಮನೇಲಿ ಬೇಯಿಸ್ಕೊಂಡು ಬಂದ್ರಾ?” ಎಂದು ಎಲ್ಲರೆದುರು ನಕ್ಕರು.

“ಆಮೇಲೆ?”

“ಅಮ್ಮ ಅವರ ಕೈ ಹಿಡಿದು ನಾಡಿ ನೋಡಿ, ‘ನಿಮಗೆ ತಲೆ ಸರಿಯಿಲ್ಲ’ ಅಂದ್ಬಿಟ್ರು.”

ಅವಳಿಗೆ ನಗು ಉಕ್ಕಿತು. ತುಟಿ ಕಚ್ಚಿಕೊಂಡಳು.

“ನಗಬೇಡಿ. ಒಂದು ಕೈಪಿಡೀಲಿ ಇದ್ರೆ ಸಾಲದಂತೆ, ಎರಡು ತಿಂಗಳೊಳಗೆ ಆ ಪದಕ್ಕೆ ಬೇರೆ ಪುರಾವೆ ತರಬೇಕಂತೆ, ಇಲ್ಲಾಂದ್ರೆ ಎಲ್ಲರೆದುರು ಕ್ಷಮೆ ಕೇಳಬೇಕಂತೆ. ಅದೂ ಇಲ್ಲಾಂದ್ರೆ ಕೂಟದಿಂದ ಹೊರಗೆ. ಅಮ್ಮ ಸಾಯೋವರೆಗೂ ಕ್ಷಮೆ ಕೇಳಲ್ಲ. ಭಾನುವಾರ ಬಂತೂಂದ್ರೆ ಸೀರೆ ಉಟ್ಕೊಂಡು ರೆಡಿಯಾಗಿ ಸೋಫಾದಲ್ಲಿ ಸುಮ್ನೆ ಕೂತಿರ್ತಾರೆ. ನೋಡೋಕಾಗಲ್ಲ.” ಅವನ ಧ್ವನಿ ಮೆತ್ತಗಾಯಿತು. “ಅವರು ಆ ಪದ ಇಟ್ಟಿದ್ದು ಬರೀ ಅಂಕಕ್ಕಲ್ಲ. ನಮ್ಮಪ್ಪ ಹಡಗಲ್ಲಿ ಅಡುಗೆಯವರಾಗಿದ್ರು. ಬರ್ತೀನಿ ಅಂದ ತಿಂಗಳಿಗೆ ಒಂದು ಸಲಾನೂ ಬಂದೋರಲ್ಲ. ನಿಮ್ಮ ಪುಸ್ತಕ ಓದಿ ಅಮ್ಮ, ‘ನೋಡೋ, ನನ್ನ ಕಾಯಿಲೆಗೂ ಇಂಗ್ಲಿಷಲ್ಲಿ ಒಂದು ಹೆಸರಿದೆ’ ಅಂತ ಎಷ್ಟು ಖುಷಿಪಟ್ರು ಗೊತ್ತಾ?”

ಅವಳ ನಗು ಹಾರಿಹೋಯಿತು.

“ನಿಮ್ಮಪ್ಪ... ಈಗ?”

“ಮನೇಲೇ ಇದಾರೆ. ಈಗ ಗೇಟಿನ ತನಕ ಹೋಗೋದಾದ್ರೂ ಹೇಳಿ ಹೋಗ್ತಾರೆ.”

ಹೇಳಿಬಿಡು ಹುಡುಗಿ! ಈಗಲೇ ಹೇಳಿಬಿಡು!

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಒಳಕೋಣೆಯಿಂದ ಮಾವನ ಕೆಮ್ಮು ಕೇಳಿಸಿತು. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ, ಬೇಕೆಂದೇ ಕೆಮ್ಮಿದ ಕೆಮ್ಮು.

“ಪದ ಇದೆ ಸಾರ್” ಎಂದುಬಿಟ್ಟಳು. “ಹುಡುಕಿದ್ರೆ ಸಿಗುತ್ತೆ.”

“ಖಂಡಿತ?”

“ಖಂಡಿತ.”

ಅವನ ಮುಖ ಅರಳಿತು. “ಹಾಗಾದ್ರೆ ಹುಡುಕ್ತೀನಿ. ಮುಂದಿನ ಬುಧವಾರ ಊಟದ ಹೊತ್ತಿಗೆ ಬಂದು ಹೇಳ್ತೀನಿ. ಮೂಲೆಯಲ್ಲಿರೋ ಕನ್ನಡಕದ ಅಂಗಡಿ ನಂದೇ.” ಹೋಗುವಾಗ ಬಾಗಿಲಲ್ಲಿ ತಿರುಗಿ, “ನಿಮ್ಮ ಸೀರೆ... ಕ್ಷಮಿಸಿ” ಎಂದ.

ಅವಳು ಆ ದಿನವೆಲ್ಲ ಟೀ ಕಲೆಯನ್ನು ತೊಳೆಯಲಿಲ್ಲ. ಮನಸ್ಸಿಗೆ ಕಾರಣ ಗೊತ್ತಿತ್ತು. ಬುದ್ಧಿಗೆ ಇನ್ನೂ ಗೊತ್ತಿರಲಿಲ್ಲ.

* * *

ಬುಧವಾರ ಬಂದ. ಸರಿಯಾಗಿ ಒಂದು ಗಂಟೆಗೆ, ಊಟದ ಡಬ್ಬಿ ಹಿಡಿದು.

“ನಾವಿಕರ ಮಾತು ಅಂದ್ರಲ್ಲ, ಅಪ್ಪನ್ನ ಕೇಳಿದೆ. ‘ಹಡಗಲ್ಲಿ ಕತ್ತು ನೋವಾದ್ರೆ ಕತ್ತುನೋವು ಅಂತಲೇ ಅಂತಿದ್ವಿ’ ಅಂದ್ರು.”

“ಹಾಗಾದ್ರೆ ಕುರುಬರ ಮಾತಿರಬಹುದು” ಎಂದಳು. “ಹಳೇ ಇಂಗ್ಲಿಷ್ ಕುರುಬರು. ತಪ್ಪಿಸ್ಕೊಂಡ ಕುರಿ ಬರುತ್ತೇನೋ ಅಂತ ನೋಡ್ತಿದ್ರಲ್ಲ...”

“ಆದರೆ ಅರ್ಥದಲ್ಲಿ ‘ಬರುತ್ತೇನೆಂದು ಹೇಳಿ’ ಅಂತಿದೆ. ಕುರಿ ಹೇಳುತ್ತಾ?”

“...ಹಳೇ ಕಾಲದ ಕುರಿ.”

ಅವನು ಅವಳನ್ನೇ ನೋಡಿದ. ಅವಳು ಗಂಭೀರವಾಗಿ ಪ್ರೂಫ್ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು. ನಗುನಗುತ್ತಲೇ ಅವನ ಡಬ್ಬಿಯ ಅರ್ಧ ಊಟ ಅವಳ ತಟ್ಟೆಗೆ ಬಂತು.

ಆಮೇಲೆ ಬುಧವಾರಗಳು ಒಂದರ ಹಿಂದೆ ಒಂದು ಓಡಿಬಂದವು. ಅವನು ಮಾವನ ಕನ್ನಡಕದ ಸಡಿಲವಾಗಿದ್ದ ತಿರುಪು ಬಿಗಿ ಮಾಡಿದ. ತನ್ನ ಅಂಗಡಿಯ ಕಥೆ ಹೇಳಿದ.

“ಗೋಡೆ ಮೇಲೆ ಅಕ್ಷರ ತೂಗುಹಾಕಿರ್ತೀವಲ್ಲ, ಅದು ಯಾವ ಪದವೂ ಅಲ್ಲ ಅಂತ ಎಷ್ಟು ಹೇಳಿದ್ರೂ ಜನ ಕೇಳಲ್ಲ. ಅದ್ರಲ್ಲಿ ಅರ್ಥ ಹುಡುಕ್ತಾರೆ. ಸಿಗಲಿಲ್ಲ ಅಂದ್ರೆ ‘ನಂಗೆ ಇಂಗ್ಲಿಷ್ ಅಷ್ಟಕ್ಕಷ್ಟೆ’ ಅಂತ ಬೇಜಾರು ಮಾಡ್ಕೋತಾರೆ.”

“ನೀವೇನು ಹೇಳ್ತೀರಿ?”

“ಅರ್ಥ ಬೇಡ, ಕಂಡಿದ್ದು ಹೇಳಿ ಸಾಕು ಅಂತೀನಿ.”

ಕಂಡಿದ್ದು ಹೇಳಿದರೆ ಸಾಕು... ಅವಳು ಕಲಸಿದ ಅನ್ನವನ್ನೇ ಮತ್ತೆ ಕಲಸಿದಳು.

ಪ್ರತಿ ಬುಧವಾರ ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ನಿಂತು, ‘ಇವತ್ತು ಹೇಳಿಬಿಡ್ತೀನಿ’ ಎಂದು ಆಣೆ ಮಾಡುತ್ತಿದ್ದಳು. ಒಂದು ಗಂಟೆಗೆ ಮೆಟ್ಟಿಲಲ್ಲಿ ಅವನ ಹೆಜ್ಜೆ ಕೇಳಿಸುತ್ತಿತ್ತು. ಅಷ್ಟೇ! ಬೆಳಗಿನ ಆಣೆ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು.

ಮಾವನ ಭಯ ಒಂದು ನೆಪ. ನಿಜವಾದ ಭಯ ಬೇರೆಯೇ ಇತ್ತು. ಪದ ಇಲ್ಲ ಎಂದು ಗೊತ್ತಾದರೆ ಅವನು ಹುಡುಕುವುದನ್ನು ನಿಲ್ಲಿಸುತ್ತಾನೆ. ಹುಡುಕುವುದನ್ನು ನಿಲ್ಲಿಸಿದರೆ... ಬುಧವಾರ ಬರೀ ಬುಧವಾರವಾಗಿಬಿಡುತ್ತದೆ.

ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು. ಅದನ್ನು ಬೇರೆ ಹೇಗೂ ಹೇಳಲು ಬರುವುದಿಲ್ಲ. ಸುಳ್ಳಿನ ಮೇಲೆ ಕೂತು ಪ್ರೀತಿ ಮಾಡುತ್ತಿದ್ದಳು, ಪ್ರತಿ ವಾರ ಆ ಸುಳ್ಳಿಗೆ ಒಂದೊಂದು ಮಹಡಿ ಏರಿಸುತ್ತಿದ್ದಳು.

* * *

ಏಳನೇ ಬುಧವಾರ ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿಬಂದ. ಕೈಯಲ್ಲೊಂದು ಹೊಸ ಪುಸ್ತಕ.

“ಸಿಕ್ತು!”

“ಏನು?”

“ವೋಝೆಲ್!”

ಅವಳ ಕೈಯ ಪೆನ್ನು ನೆಲಕ್ಕೆ ಬಿತ್ತು.

‘ಗೆಲ್ಲುವ ಪದಗಳು’ ಎಂಬ ಪುಸ್ತಕ. ವಿ ಮತ್ತು ಝಡ್ ಎರಡೂ ಇರುವ ಐದಕ್ಷರದ ಪದಗಳು. ವಿಝಿರ್, ವೈಝರ್, ವೋಝೆಲ್. ಬರುತ್ತೇನೆಂದು ಹೇಳಿ ಬಾರದವರ ದಾರಿ ನೋಡಿ ನೋಡಿ ಬರುವ ಕತ್ತುನೋವು. ಅವಳದೇ ವಾಕ್ಯ, ಒಂದಕ್ಷರ ಆಚೀಚೆ ಇಲ್ಲ.

“ಬರೆದೋರು ಯಾರು ನೋಡಿ!”

ಮುಖಪುಟದಲ್ಲಿ ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಕೈ ಗಲ್ಲಕ್ಕಿಟ್ಟು ನಗುತ್ತಿದ್ದರು. ಪದಕೂಟದ ತೀರ್ಪುಗಾರರು! ಅಮ್ಮನಿಗೆ ‘ಇಂಥ ಪದ ಇಲ್ಲ’ ಎಂದವರೇ!

“ಈ ಭಾನುವಾರವೇ ಕಡೇ ಗಡುವು. ಅವರ ಪುಸ್ತಕವನ್ನೇ ಅವರ ಮುಂದೆ ಇಟ್ರೆ ಮುಗೀತು!” ಅವನು ಸಂತೋಷದಲ್ಲಿ ಅವಳ ಎರಡೂ ಕೈ ಹಿಡಿದುಕೊಂಡ. ಹಿಡಿದುಕೊಂಡಿದ್ದೇನೆಂದು ಆಮೇಲೆ ಗೊತ್ತಾಯಿತು, ಆದರೂ ಬಿಡಲಿಲ್ಲ. “ನಿಜ ಹೇಳ್ಲಾ? ನಡುವೆ ನಂಗೆ ನಿಮ್ಮ ಮೇಲೆ ಅನುಮಾನ ಬಂದಿತ್ತು. ಕ್ಷಮಿಸಿ. ಅಮ್ಮಂಗೆ ಹೇಳಿದೀನಿ, ಆ ಹುಡುಗಿ ಒಂದೇ ಒಂದು ಸುಳ್ಳು ಹೇಳೋಳಲ್ಲ ಅಂತ.”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ. ಕೆಳಗೆ ಬಾಯಿಬಿಟ್ಟರೂ ಸೈಕಲ್ ಅಂಗಡಿಗೇ ಬೀಳಬೇಕಿತ್ತು.

ಅವನು ಹೋದೊಡನೆ ಒಳಕೋಣೆಯ ಬಾಗಿಲು ಧಡಾರೆಂದು ತೆರೆಯಿತು.

“ಇಲಿ ಬಿತ್ತಾ?” ಮಾವ ನಿಂತಲ್ಲೇ ಕುಣಿಯುತ್ತಿದ್ದರು. “ಹದಿನೈದು ವರ್ಷ ಪುಟ್ಟಿ! ಹದಿನೈದು ವರ್ಷ! ಲಕೋಟೆ ಎಲ್ಲಿ? ಬೀರುವಿನ ಕೀ ಎಲ್ಲಿ?”

“ಮಾವ, ನಾನು ಅವರಿಗೆ ನಿಜ ಹೇಳಬೇಕು.”

“ಭಾನುವಾರದವರೆಗೆ ಬಾಯಿಗೆ ಬೀಗ! ಇಲಿಗೆ ಸುಳಿವು ಸಿಕ್ಕಿದ್ರೆ ಓಡಿಹೋಗುತ್ತೆ. ಎಲ್ಲರೆದುರು ಹಿಡಿಯೋಣ!”

“ಅವರು ನನ್ನ ನಂಬಿದಾರೆ ಮಾವ...”

“ಒಳ್ಳೇದೇ ಆಯ್ತಲ್ಲ!” ಎಂದರು ಮಾವ. ಪದಗಳ ಅರ್ಥ ಚೆನ್ನಾಗಿ ಬಲ್ಲ ಆ ಮನುಷ್ಯನಿಗೆ ಸೊಸೆಯ ಮುಖದ ಅರ್ಥ ಹತ್ತಲಿಲ್ಲ.

* * *

ಭಾನುವಾರ ಹತ್ತು ಗಂಟೆ. ಗ್ರಂಥಾಲಯದ ಓದುಕೋಣೆ. ಉದ್ದ ಮೇಜಿನ ತುದಿಯಲ್ಲಿ ತೀರ್ಪುಗಾರರು, ಸುತ್ತ ಇಪ್ಪತ್ತು ಜನ. ಹಿಂದಿನ ಸಾಲಿನಲ್ಲಿ ಮಾವ, ಎದೆಗೆ ಅವಚಿಕೊಂಡ ಲಕೋಟೆ. ಪಕ್ಕದಲ್ಲಿ ಅವಳು.

ಅವನ ಅಮ್ಮ ಎದ್ದು ನಿಂತರು. ಗಿಡ್ಡ ದೇಹ, ಗಂಜಿ ಹಾಕಿದ ಸೀರೆ, ವಾರ್ಡಿಗೆ ಬಂದಂಥ ನಡಿಗೆ. ಹಿಂದೆ ಮಗ.

“ಪುರಾವೆ ಕೇಳಿದ್ರಲ್ಲ, ತಂದಿದೀನಿ. ಬರೆದೋರು ಇಲ್ಲೇ ಕೂತಿದಾರೆ.” ‘ಗೆಲ್ಲುವ ಪದಗಳು’ ತೆರೆದು ತೀರ್ಪುಗಾರರ ಮುಂದಿಟ್ಟರು. “ಜೋರಾಗಿ ಓದಿ. ಎಲ್ರಿಗೂ ಕೇಳಿಸ್ಲಿ.”

ತೀರ್ಪುಗಾರರು ಓದಿದರು. ಅವರ ಮುಖ ಇಂಗು ತಿಂದ ಮಂಗನಂತಾಯಿತು. ತಮ್ಮ ಪುಸ್ತಕವನ್ನು ಅವರು ಮೊದಲ ಬಾರಿ ಓದುತ್ತಿದ್ದುದು ಅದೇ ಇರಬೇಕು! ಆದರೆ ಮೇಷ್ಟ್ರು ಸಾಮಾನ್ಯರಲ್ಲ. ಹತ್ತು ಎಣಿಸುವಷ್ಟರಲ್ಲಿ ಚೇತರಿಸಿಕೊಂಡರು.

“ಓಹ್, ಇದಾ! ವೋಝೆಲ್! ಆವತ್ತು ನಂಗೆ ಸರಿಯಾಗಿ ಕಾಣಿಸಿರಲಿಲ್ಲ ನೋಡಿ. ಇದು ಲ್ಯಾಟಿನ್ ಮೂಲದ್ದು. ನಮ್ಮ ಪ್ರೊಫೆಸರು ಕ್ಲಾಸಿನಲ್ಲಿ ಆಗಾಗ ಬಳಸೋರು.”

ಹಿಂದಿನ ಸಾಲಿನಲ್ಲಿ ಮಾವನಿಗೆ ಕೆಮ್ಮು ಹತ್ತಿತು. ಈ ಸಲ ನಿಜವಾದ ಕೆಮ್ಮು.

“ಆದ್ದರಿಂದ ನನ್ನ ತೀರ್ಪು ಹಿಂದಕ್ಕೆ ತಗೋತೀನಿ. ಪದ ಸ್ವೀಕೃತ! ಈ ವರ್ಷದ ಗೆಲುವು ಈ ತಾಯಿಯದೇ!”

ಚಪ್ಪಾಳೆ! ಯಾರೋ ಗೆಲುವಿನ ಬಟ್ಟಲನ್ನು ಅಮ್ಮನ ಕೈಗಿತ್ತರು. ಅವರು ಅದನ್ನು ಆಗತಾನೆ ಹುಟ್ಟಿದ ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರು. ಮಗ ತಿರುಗಿ ಅವಳನ್ನು ಹುಡುಕಿದ. ಅವಳು ಕಂಡಾಗ ಅವನ ಮುಖದಲ್ಲಿ ಮೂಡಿದ ನಗು... ಅಂಥ ನಗುವನ್ನು ಅವಳಿಗೆ ಯಾರೂ ಎಂದೂ ಕೊಟ್ಟಿರಲಿಲ್ಲ.

‘ಸುಮ್ಮನಿರು’ ಎಂದಿತು ಬುದ್ಧಿ. ‘ಎಲ್ಲರೂ ಸಂತೋಷವಾಗಿದಾರೆ. ಅಮ್ಮ ಗೆದ್ದರು. ಅವನು ನಿನ್ನವನಾದ. ಮಾವನ ಕೈಯಿಂದ ಲಕೋಟೆ ಕಿತ್ಕೊಂಡು ನುಂಗಿಬಿಡು!’

‘ಆಮೇಲೆ?’ ಎಂದಿತು ಮನಸ್ಸು. ‘ಈ ನಗೂನ ಜೀವನಪೂರ್ತಿ ಕದ್ದು ತಿಂತೀಯಾ?’

ಈ ಬಾರಿ ಅವಳು ಬುದ್ಧಿಯ ಮಾತು ಕೇಳಲೇ ಇಲ್ಲ.

“ಆ ಪದ ಇಲ್ಲ.”

ಅವಳು ಎದ್ದು ನಿಂತಿದ್ದಳು. ಕೋಣೆಯೆಲ್ಲ ತಿರುಗಿ ನೋಡಿತು.

“ವೋಝೆಲ್ ಅನ್ನೋ ಪದ ಯಾವ ಭಾಷೇಲೂ ಇಲ್ಲ. ಅದನ್ನ ನಾನೇ ಹುಟ್ಟಿಸಿದ್ದು. ಯಾರಾದ್ರೂ ನಮ್ಮ ಪಟ್ಟಿ ಕದ್ರೆ ಗೊತ್ತಾಗಲಿ ಅಂತ.”

“ಏನಮ್ಮಾ ಇದು ಹುಡುಗಾಟ! ನಮ್ಮ ಪ್ರೊಫೆಸರು...”

“ಪ್ರೊಫೆಸರನ್ನ ಬಿಡಿ ಸ್ವಾಮಿ!” ಮಾವ ಲಕೋಟೆ ಎತ್ತಿ ಹಿಡಿದು ಸಿಂಹದಂತೆ ನುಗ್ಗಿದರು. “ತಾರೀಖು ನೋಡಿ! ಅರಗು ನೋಡಿ! ಸಹಿ ನೋಡಿ!”

ಮುಂದಿನ ಗದ್ದಲವನ್ನು ವಿಸ್ತರಿಸುವುದು ಬೇಡ. ಮೇಷ್ಟ್ರು ಯಾರಿಗೋ ಹೇಳಿ ಪುಸ್ತಕ ನಕಲು ಮಾಡಿಸಿದ್ದನ್ನು ಒಪ್ಪಿಕೊಂಡರು, ಆ ಹೊತ್ತೇ ತೀರ್ಪುಗಾರರ ಕುರ್ಚಿ ಬಿಟ್ಟರು. ಅವರ ಕುರ್ಚಿಯ ಜತೆಗೆ ಅವರು ಹಾಕಿದ್ದ ಗಡುವೂ ಹೋಯಿತು. ಮಾವ ಮೂರು ಮಂದಿಯನ್ನು ತಬ್ಬಿಕೊಂಡರು, ಅದರಲ್ಲಿ ಒಬ್ಬರು ಮೇಷ್ಟ್ರೇ.

ಅಮ್ಮ ಬಟ್ಟಲನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. ಅವಳ ಹತ್ತಿರ ಬಂದು, ಗಾಯ ನೋಡುವ ಹಾಗೆ ಮುಖ ನೋಡಿದರು.

“ಕ್ಷಮಿಸಿ ಅಮ್ಮಾ... ನನ್ನಿಂದ ನಿಮಗೆ ಅವಮಾನ ಆಯ್ತು.”

“ಡಿಕ್ಷನರೀಲಿ ಇಲ್ದಿದ್ರೆ ಏನಂತೆ, ಹತ್ತು ವರ್ಷ ನನ್ನ ಕತ್ತಲ್ಲಿ ಇತ್ತಲ್ಲ” ಎಂದರು ಅಮ್ಮ. “ಆದ್ರೆ ಮಗಳೇ, ಬ್ಯಾಂಡೇಜು ಕೀಳೋದಾದ್ರೆ ಒಂದೇ ಸಲ ಕೀಳ್ಬೇಕು. ನೀನು ಎರಡು ತಿಂಗಳು ತಗೊಂಡೆ. ನಂಗಲ್ಲ, ಅವನಿಗೆ ನೋವಾಗಿದೆ.”

ಅವಳು ಅವನತ್ತ ನೋಡಿದಳು. ಅವನು ‘ಗೆಲ್ಲುವ ಪದಗಳು’ ಪುಸ್ತಕವನ್ನು ಚೀಲಕ್ಕೆ ಹಾಕಿದ. ಚೀಲದ ಜಿಪ್ ಎಳೆದ. ಅವಳನ್ನು ದಾಟಿಕೊಂಡು ಬಾಗಿಲ ಕಡೆ ನಡೆದ.

* * *

ಬುಧವಾರ ಬಂತು. ಒಂದು ಗಂಟೆಯಾಯಿತು. ಎರಡಾಯಿತು. ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಲಿಲ್ಲ.

ಮೂರು ಗಂಟೆಗೆ ಕೇಳಿಸಿತು. ಅವಳು ಓಡಿದಳು. ಬಂದದ್ದು ಅವನ ಅಮ್ಮ.

“ಕೂಟದಲ್ಲಿ ಈಗ ನಾನೇ ತೀರ್ಪುಗಾರಳು. ಇರೋ ಪದದ ಪುಸ್ತಕ ಯಾವುದಾದ್ರೂ ಇದ್ರೆ ಕೊಡು” ಎಂದರು ಕುರ್ಚಿ ಎಳೆದುಕೊಳ್ಳುತ್ತಾ. “ಅವನಿಗೆ ಸಿಟ್ಟು ಬಂದ್ರೆ ಕನ್ನಡಕ ಒರೆಸ್ತಾನೆ. ಮೂರು ದಿನದಿಂದ ಅಂಗಡೀಲಿರೋ ಕನ್ನಡಕ ಎಲ್ಲಾ ಒರೆಸಿ ಆಯ್ತು. ನಿನ್ನೆ ನನ್ನ ಕನ್ನಡಕ ಮೂರು ಸಲ ಒರೆಸಿದ. ಹೋಗಿ ಏನಾದ್ರೂ ಮಾಡು ತಾಯಿ, ಗಾಜು ಸವೀತಿದೆ.”

ಅವಳು ಪೆನ್ನಿನ ಮುಚ್ಚಳ ಹಾಕಲಿಲ್ಲ, ಫ್ಯಾನ್ ಆರಿಸಲಿಲ್ಲ. ಹೊರಟೇಬಿಟ್ಟಳು.

ಅಂಗಡಿಯಲ್ಲಿ ಅವನು ಬಟ್ಟೆ ಹಿಡಿದು ಒಂದು ಫ್ರೇಮು ಒರೆಸುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು. ಬೆಂಚಿನ ಮೇಲೆ ಕೂತಿದ್ದ ಅಜ್ಜ ಒಬ್ಬರು ಇಬ್ಬರನ್ನೂ ಕುತೂಹಲದಿಂದ ನೋಡಿದರು.

“ಏನಾಗಬೇಕಿತ್ತು?” ಎಂದ, ಗುರುತೇ ಇಲ್ಲದವನಂತೆ.

ಮಾತು ಸಾವಿರ ಸಿದ್ಧಮಾಡಿಕೊಂಡು ಬಂದಿದ್ದಳು. ಹೊರಬಂದದ್ದು ಇಷ್ಟೇ.

“ಕಣ್ಣು... ಕಣ್ಣು ತೋರಿಸ್ಕೋಬೇಕಿತ್ತು.”

ಅವನು ಪರದೆ ಸರಿಸಿ ಒಳಕೋಣೆ ತೋರಿಸಿದ. ಎತ್ತರದ ಕುರ್ಚಿಯಲ್ಲಿ ಕೂರಿಸಿದ. ಪರೀಕ್ಷೆಯ ಫ್ರೇಮನ್ನು ಅವಳ ಮೂಗಿನ ಮೇಲಿಟ್ಟ. ಕಪ್ಪಗೆ, ದುಂಡಗೆ, ಗಡಿಯಾರದಷ್ಟು ಭಾರದ ಫ್ರೇಮು. ಅದರಲ್ಲಿ ಅವಳು ಗೂಬೆಯ ಹಾಗೆ ಕಾಣುತ್ತಿದ್ದಳು. ಪಾಪ, ಪ್ರೇಮಕಥೆಯ ನಾಯಕಿ!

ಎರಡು ಗಾಜು ಹಾಕಿದ. ಗೋಡೆಯ ಅಕ್ಷರಗಳನ್ನು ಕೋಲಿನಿಂದ ತೋರಿಸಿದ.

“ಓದಿ.”

“ಇ... ಎಫ್... ಪಿ...”

“ಕೆಳಗಿನ ಸಾಲು.”

“ಕಾಣ್ತಿಲ್ಲ.”

ಗಾಜು ಬದಲಿಸಿದ. “ಈಗ?”

“ಇನ್ನೂ ಮಂಜು ಮಂಜು.”

ಮತ್ತೆ ಬದಲಿಸಿದ. ಹುಬ್ಬು ಗಂಟಿಕ್ಕಿತು. ಸಿಟ್ಟು ಮರೆತು ಕೆಲಸದ ಚಿಂತೆ ಹತ್ತಿತು. “ಇದು ಚೆನ್ನಾಗಿದೆಯಾ, ಮೊದಲಿಂದು ಚೆನ್ನಾಗಿತ್ತಾ?”

“ಎರಡೂ ಒಂದೇ.”

“ಹೇಗೆ ಸಾಧ್ಯ? ಇದಂತೂ ತುಂಬ ಪವರಿಂದು! ಈಗ ಹೇಳಿ, ಈಗ?”

“ನೀವು ಎಷ್ಟು ಗಾಜು ಬದಲಾಯಿಸಿದ್ರೂ ಅಷ್ಟೇ...” ಬಿಕ್ಕಿದಳು. “ನಾನು ಅಳ್ತಾ ಇದೀನಿ!”

ಅವನು ಕಕ್ಕಾಬಿಕ್ಕಿಯಾದ. ಗಡಿಬಿಡಿಯಲ್ಲಿ ಎರಡೂ ಗಾಜುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಕೈಗೆ ಸಿಕ್ಕಿದ್ದು ಕನ್ನಡಕ ಒರೆಸುವ ಬಟ್ಟೆ, ಅದನ್ನೇ ಕೊಟ್ಟ. ಅವಳು ಖಾಲಿ ಫ್ರೇಮಿನೊಳಗೆ ಬೆರಳು ತೂರಿಸಿ ಕಣ್ಣು ಒರೆಸಿಕೊಂಡಳು.

“ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ ಅಂತ ಕೇಳೋಕೆ ಬಂದೆ. ಮೊದಲ ದಿನ ಹೇಳಿದ್ದು ಮಾವನ ಭಯಕ್ಕೆ. ಆಮೇಲಿನ ಆರು ವಾರ... ಅದು ಮಾವನಿಗಲ್ಲ.”

“ಮತ್ತೆ?” ಅವನ ಧ್ವನಿಯಲ್ಲಿ ಇನ್ನೂ ನೋವಿತ್ತು. “ನಾನು ಹುಚ್ಚನ ಹಾಗೆ ಹುಡುಕ್ತಾ ಇದ್ದೆ. ನೀವು ಎದುರಿಗೆ ಕೂತು ನೋಡ್ತಾ ಇದ್ರಿ. ನಂಗೆ ಎಷ್ಟು ಅವಮಾನ ಅನ್ನಿಸ್ತು ಗೊತ್ತಾ?”

“ಹುಡುಕೋದು ಮುಗಿದ್ರೆ ನೀವು ಬರೋದೂ ಮುಗಿಯುತ್ತೆ ಅಂತ ಭಯ ಆಗ್ತಿತ್ತು!” ತಡೆದಿಟ್ಟದ್ದೆಲ್ಲ ಒಮ್ಮೆಲೇ ಹೊರಬಂತು. “ಪದ ಇಲ್ಲಾಂದ್ರೆ ನಿಮಗೆ ಆ ಮೆಟ್ಟಿಲು ಹತ್ತೋಕೆ ಏನು ಕಾರಣ ಇತ್ತು? ನಂಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ. ಅದಕ್ಕೇ ಕುರಿ, ಕುರುಬ, ನಾವಿಕ ಎಲ್ಲಾ ಹುಟ್ಟಿಸಿದೆ. ಈಗ ಬೈಯೋದಿದ್ರೆ ಬೈದುಬಿಡಿ.”

ಪರದೆಯ ಆಚೆ ಅಜ್ಜ ಉಸಿರು ಬಿಗಿಹಿಡಿದಿದ್ದರು.

ಅವನು ಬೈಯಲಿಲ್ಲ. ಅವನ ಕಿವಿ ಮೆಲ್ಲಗೆ ಕೆಂಪಾಗತೊಡಗಿತು. ಡ್ರಾಯರ್ ಎಳೆದ. ಒಳಗಿಂದ ‘ಗೆಲ್ಲುವ ಪದಗಳು’ ತೆಗೆದು, ಪುಟಗಳ ನಡುವೆ ಇಟ್ಟಿದ್ದ ಪುಸ್ತಕದಂಗಡಿಯ ಚೀಟಿಯನ್ನು ಅವಳ ಮುಂದೆ ಹಿಡಿದ.

“ಕೊಂಡ ತಾರೀಖು ನೋಡಿ.”

ಅವಳು ನೋಡಿದಳು. ಬೆರಳು ಮಡಚಿ ಲೆಕ್ಕ ಹಾಕಿದಳು. “ಇದು... ನೀವು ನಂಗೆ ತೋರಿಸೋಕೆ ಮೂರು ವಾರ ಮೊದಲು!”

“ಹ್ಞೂಂ.”

“ಮೂರು ವಾರ ಇಟ್ಕೊಂಡಿದ್ರಾ? ಅಮ್ಮ ಅಲ್ಲಿ ಸೋಫಾದಲ್ಲಿ ಕೂತಿರುವಾಗ?”

“ಗಡುವು ಇನ್ನೂ ದೂರ ಇತ್ತಲ್ಲ...” ಅವನು ನೆಲ ನೋಡಿದ. “ಮೂರು ಬುಧವಾರ ಚೀಲದಲ್ಲಿ ಇದೇ ಪುಸ್ತಕ ಇಟ್ಕೊಂಡು ಬಂದು, ‘ಇನ್ನೂ ಸಿಕ್ಕಿಲ್ಲ, ಮುಂದಿನ ವಾರ ನೋಡೋಣ’ ಅಂತ ಹೇಳಿ ಹೋದೆ. ಭಾನುವಾರ ಸಿಟ್ಟಿನಲ್ಲಿ ಮನೆಗೆ ಹೋದ್ಮೇಲೆ ಈ ಚೀಟಿ ಕಾಣಿಸ್ತು. ಯಾವ ಮುಖ ಇಟ್ಕೊಂಡು ನಿಮ್ಮನ್ನ ಬೈಯೋಕೆ ಬರಲಿ? ಅದಕ್ಕೇ ಬರಲಿಲ್ಲ.”

ಅವಳಿಗೆ ಅಳು ನಿಂತಿತ್ತು. ನಗು ಇನ್ನೂ ಶುರುವಾಗಿರಲಿಲ್ಲ. ಎರಡರ ನಡುವೆ ಮೂಗು ಮಾತ್ರ ಸುರಿಯುತ್ತಿತ್ತು.

“ಕಳ್ಳ” ಎಂದಳು.

“ಸುಳ್ಳಿ” ಎಂದ ಅವನು.

“ನಿಮ್ಮಮ್ಮಂಗೆ ಈ ಚೀಟಿ ತೋರಿಸಿದ್ರೆ?”

“ನಾಡಿ ನೋಡ್ತಾರೆ. ಆಮೇಲೆ ನಿನ್ನ ಮನೆಗೆ ಮಾತಾಡೋಕೆ ಬರ್ತಾರೆ. ಬರೋದು ಬೇಡ್ವಾ?”

‘ನಿಮ್ಮ’ ಎನ್ನುತ್ತಿದ್ದವನು ‘ನಿನ್ನ’ ಎಂದಿದ್ದ. ಅವಳ ಕೆನ್ನೆ ಬಿಸಿಯಾಯಿತು.

“ಬರಲಿ... ನೀನೂ ಬಾ.”

“ರೀ, ಏನಾಯ್ತು?” ಪರದೆಯಾಚೆಯಿಂದ ಅಜ್ಜ ಕೂಗಿದರು. “ಒಪ್ಪಿದ್ರಾ ಇಲ್ವಾ? ನಂಗೆ ಮನೆಗೆ ಹೋಗಬೇಕು!”

“ಒಪ್ಪಿದ್ರು ಅಜ್ಜಾ!” ಎಂದು ಅವನು ಕೂಗಿ ಹೇಳಿದ. ಅವಳ ಕೈ ತನ್ನ ಕೈಯಲ್ಲಿ ತೆಗೆದುಕೊಂಡ. ಈ ಸಲ ತೆಗೆದುಕೊಳ್ಳುತ್ತಿದ್ದೇನೆಂದು ಗೊತ್ತಿದ್ದೇ ತೆಗೆದುಕೊಂಡ.

“ಈ ಫ್ರೇಮ್ ತೆಗೀಲಾ? ಮೂಗು ನೋಯುತ್ತೆ” ಎಂದ.

“ಬೇಡ, ಸ್ವಲ್ಪ ಹೊತ್ತು ಇರಲಿ. ಇದ್ರಲ್ಲಿ ನೋಡಿದ್ರೆ ನೀನು ತುಂಬಾ ಚೆನ್ನಾಗಿ ಕಾಣ್ತೀಯ.”

“ಅದ್ರಲ್ಲಿ ಗಾಜೇ ಇಲ್ವಲ್ಲೇ!”

“ಗೊತ್ತು” ಎಂದಳು ಅವಳು.